ಮುಂದಿನ ಸಾಲಿನ ಸಿದ್ದರಾಮಪ್ಪ

"ಆ ಹುಡುಗಿ ಬಂದ ಕೂಡ್ಲೇ ಖರೇ ಹೇಳಿಬಿಡ್ರಿ. ಇಲ್ಲಾಂದ್ರ ನಾ ಹೇಳ್ತೀನಿ!"

"ಹೇಳ್ತಿ? ಹೇಳು! ಗಲ್ಲಿಗೆಲ್ಲ ಡಂಗುರ ಹೊಡಿ! ಕಟ್ಟಿಕೊಂಡ ಗಂಡನ ಮಾನ ಹಿಂಡಿ ಮಾಳಿಗಿ ಮ್ಯಾಲ ಒಣಗ ಹಾಕು!"

"ನಿಮ್ಮ ಮಾನ ನಾ ಯಾಕ ಹಿಂಡಲಿ? ಜನ್ಮದಾಗ ಒಂದು ದಿನ ಊದದ ಮನಶ್ಯಾ ಕ್ಯಾಮೆರಾದ ಮುಂದ ಕುಂತು ಊದ್ತೀನಿ ಅಂತೀರಲ್ಲ, ಅದು ತಾನಾಗೇ ಹರದು ಹೋಗ್ತೈತಿ!"

ಸಿದ್ದರಾಮಪ್ಪ ಚಹಾದ ಬಟ್ಟಲನ್ನು ಕುಕ್ಕಿದ ರಭಸಕ್ಕೆ ಅರ್ಧ ಚಹಾ ಸ್ಟೂಲಿನ ಮೇಲೆ ಹರಿಯಿತು. ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯ ಆ ಮಹಡಿ ಮನೆಯಲ್ಲಿ ಜಗಳ ಹೊಸದೇನಲ್ಲ. ಉಪ್ಪಿಗೆ, ಸೊಪ್ಪಿಗೆ, ಫ್ಯಾನಿನ ಗಾಳಿಗೆ ದಿನಾ ನಡೆಯುತ್ತಿತ್ತು. ಆದರೆ ಸ್ಯಾಕ್ಸೋಫೋನಿನ ಸಲುವಾಗಿ ಜಗಳವಾಡಿದ್ದು ಇದೇ ಮೊದಲು. ಹೆಂಡತಿ ಶಿವದೇವಿ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಸುಳ್ಳಿದ್ದಿದ್ದರೆ ಆತನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ವಿಷಯ ಇಷ್ಟು. ಸಿದ್ದರಾಮಪ್ಪ ಗುರುಮಠಕಲ್ ಕಡೆಯಿಂದ ಬಂದು ಬೇಗಂಬಜಾರಿನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುತ್ತಿದ್ದ ಕಾಲದಲ್ಲಿ, ಸಿಕಂದರಾಬಾದಿನಲ್ಲಿ ಸಿಲ್ವರ್ ಸ್ಟಾರ್ ಅಂತ ಒಂದು ಜಾಝ್ ಬ್ಯಾಂಡ್ ಇತ್ತು. ಪಿಂಟೋ ಮಾಸ್ತರರದ್ದು. ರೈಲ್ವೆ ಕ್ಲಬ್ಬಿನ ಶನಿವಾರದ ಡ್ಯಾನ್ಸಿಗೆ ಅದೇ ಬ್ಯಾಂಡ್ ಬೇಕು. ಬೇರೆ ಊರಿನ ಜಾಝಿನ ಹಾಗಲ್ಲ ಅದು. ಮೇಲೆ ಸ್ಯಾಕ್ಸೋಫೋನು ಓಡುತ್ತಿದ್ದರೆ ಕೆಳಗೆ ಬಾರ್ಕಸ್ ಕಡೆಯ ಅರಬರ ಮರ್ಫಾ ನಗಾರಿಯ ಪೆಟ್ಟು ಬೀಳುತ್ತಿತ್ತು. ಹೈದರಾಬಾದಿನ ಮಣ್ಣು ಮೆತ್ತಿಕೊಂಡ ಜಾಝು. ಕ್ಲಬ್ಬಿನವರು ಮಾತ್ರ ಬ್ಯಾಂಡಿನ ತಲೆ ಎಣಿಸಿ ದುಡ್ಡು ಕೊಡುತ್ತಿದ್ದರು. ಊದುವವರು ಕಡಿಮೆ ಬಿದ್ದರೆ ಮಾಸ್ತರರು ಮದುವೆ ಬ್ಯಾಂಡಿನವರ ಪದ್ಧತಿಯನ್ನೇ ಹಿಡಿಯುತ್ತಿದ್ದರು. ನೋಡಲು ಚೆಂದ ಇರುವವನಿಗೆ ಕೋಟು ತೊಡಿಸಿ, ವಾದ್ಯ ಕೊಟ್ಟು, ಸುಮ್ಮನೆ ನಿಲ್ಲಿಸುವುದು. ಅಂಥವನಿಗೆ ಡಮ್ಮಿ ಅಂತ ಹೆಸರು.

ಸಿದ್ದರಾಮಪ್ಪ ಆಗ ಎತ್ತರದ, ಅಗಲ ಎದೆಯ, ಬಿಳಿ ಕೋಟು ತೊಟ್ಟರೆ ಸಿನಿಮಾದವನಂತೆ ಕಾಣುವ ಗಂಡು. ನಿಜವಾಗಿ ಊದುತ್ತಿದ್ದ ಫ್ರಾನ್ಸಿಸ್ ಗಿಡ್ಡ, ಬೆನ್ನು ಬಾಗಿದವ. ಮಾಸ್ತರರು ಫ್ರಾನ್ಸಿಸನನ್ನು ಪರದೆಯ ಅಂಚಿಗೆ ತಳ್ಳಿ, ಸಿದ್ದರಾಮಪ್ಪನನ್ನು ಮುಂದಿನ ಸಾಲಿಗೆ ತಂದರು. "ಲೋಗಾಂ ಪೈಲೆ ಆಂಖ್ ಸೆ ಸುನ್ತೆ ಮಿಯಾಂ. ಜನ ಮೊದಲು ಕೇಳೋದು ಕಣ್ಣಿಂದ. ಗಲ್ಲ ಉಬ್ಬಿಸು, ಬೆರಳು ಆಡಿಸು. ಊದಿದರೆ ಮಾತ್ರ ಒದೀತೀನಿ," ಅಂದಿದ್ದರು.

ಆತ ಗಲ್ಲ ಉಬ್ಬಿಸಿದ. ವರ್ಷಗಟ್ಟಲೆ ಉಬ್ಬಿಸಿದ. ಹಿಂದಿನಿಂದ ಫ್ರಾನ್ಸಿಸನ ಸ್ವರ ಬೆನ್ನಿಗೆ ಬಂದು ಬಡಿಯುತ್ತಿತ್ತು, ಎದೆಯೊಳಗಿಂದಲೇ ಹೊರಟಂತೆ ಅನ್ನಿಸುತ್ತಿತ್ತು. ಮುಂದೆ ಹೆಣ್ಣುಮಕ್ಕಳು ಆತನ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಬಿದ್ದಾಗಲೆಲ್ಲ ಆತನಿಗೆ, ಒಂದೇ ಒಂದು ಸಲ, ಖರೇನೇ ಊದಬೇಕು ಅನ್ನಿಸುತ್ತಿತ್ತು.

ಡ್ಯಾನ್ಸಿನ ಕೊನೆಗೆ ಒಂದು ಚೀಜು, ಒಂದು ಧಾಟಿ, ನುಡಿಸುತ್ತಿದ್ದರು. ಮಾಸ್ತರರು ತಾವೇ ಕಟ್ಟಿದ್ದು, ಹೆಸರೂ ಇಟ್ಟಿರಲಿಲ್ಲ. ಔಟರ್ ಸಿಗ್ನಲ್ಲಿಗೆ ಬಂದ ಪ್ಯಾಸೆಂಜರ್ ಗಾಡಿಯಂತೆ ನಿಂತು ನಿಂತು ಹೋಗುವ ಸ್ವರ. ಅದು ಶುರುವಾದರೆ ಕ್ಲಬ್ಬಿನ ಬೇರರುಗಳು ತಟ್ಟೆ ಹಿಡಿದು ಹಾಗೇ ನಿಲ್ಲುತ್ತಿದ್ದರು. ಅದನ್ನು ಯಾರೂ ಟೇಪಿಗೆ ಹಿಡಿಯಲಿಲ್ಲ. ಮುಂದೆ ಕ್ಲಬ್ಬಿನ ಡ್ಯಾನ್ಸು ನಿಂತಿತು, ಮಾಸ್ತರರು ತೀರಿದರು, ಫ್ರಾನ್ಸಿಸ್ ಪರದೇಶಕ್ಕೆ ಮಗಳ ಮನೆಗೆ ಹೋಗಿ ಅಲ್ಲೇ ಸತ್ತ. ಆ ಚೀಜು ಉಳಿದದ್ದು ಸಿದ್ದರಾಮಪ್ಪನ ಕಿವಿಯಲ್ಲಿ ಮಾತ್ರ.

ಹೀಗಿರುವಾಗ ಮಾನಸಾ ಬಂದಳು. ಕೊಂಡಾಪುರದ ಕಂಪನಿಯಲ್ಲಿ ಕೆಲಸ, ರಜೆಯಲ್ಲಿ ಸಾಕ್ಷ್ಯಚಿತ್ರ ತೆಗೆಯುವ ಹುಚ್ಚು. ಅಪ್ಪ ಮೈಸೂರಿನವರು, ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿದ್ದವರು. ಹೈದರಾಬಾದಿನ ಜಾಝ್ ಚರಿತ್ರೆ ಉಳಿಸಬೇಕು ಅಂತ ಹಳೆಯ ಆಲ್ಬಮ್ಮುಗಳನ್ನೆಲ್ಲ ತಡಕಿದವಳಿಗೆ ಒಂದು ಫೋಟೋ ಸಿಕ್ಕಿತ್ತು. ಮುಂದಿನ ಸಾಲಿನಲ್ಲಿ, ಬಿಳಿ ಕೋಟಿನಲ್ಲಿ, ಗಲ್ಲ ಉಬ್ಬಿಸಿ ನಿಂತವನು ಸಿದ್ದರಾಮಪ್ಪ. "ಅಂಕಲ್, ಸ್ಯಾಕ್ಸೋಫೋನ್ ಹಿಡ್ಕೊಂಡು ನಮ್ಮ ಕ್ಯಾಮೆರಾ ಮುಂದೆ ಕೂತ್ಕೋತೀರಾ?" ಅಂದಳು. ಈತ ಹೂಂ ಅಂದ.

ಮರುದಿನವೇ ಸಿಕಂದರಾಬಾದಿನ ಬ್ಯಾಂಡಿನಂಗಡಿಯಿಂದ ಬಾಡಿಗೆಗೆ ಸ್ಯಾಕ್ಸೋಫೋನು ತಂದ. ಅಂಗಡಿಯ ಮುದುಕನಿಂದ ತುಟಿ ಹೇಗೆ ಹಿಡಿಯಬೇಕು ಅಂತ ಕಲಿತ. ಮಾಳಿಗೆಯ ನೀರಿನ ಟ್ಯಾಂಕಿನ ಹಿಂದೆ ಕುಳಿತು, ವಾದ್ಯದ ಬಾಯಿಗೆ ಟವೆಲ್ ತುರುಕಿ ಊದಿ ಊದಿ ಕಲಿತ. ಕೆಳಗೆ ವಾಸವಿದ್ದ ಮನೆ ಒಡತಿ ಶಾರದಾಬಾಯಿ ಆ ನರಳಾಟ ಕೇಳಿ, ನೀರಿನ ಮೋಟಾರು ಕೆಟ್ಟಿತೆಂದು ಮಿಸ್ತ್ರಿಯನ್ನು ಕರೆಸಿದರು. ಆ ಮಿಸ್ತ್ರಿ ಚೆನ್ನಾಗಿದ್ದ ಮೋಟಾರನ್ನು ಬಿಚ್ಚಿ, ಜೋಡಿಸಲು ಬಾರದೆ ಓಡಿಹೋದ. ಇಡೀ ಕಟ್ಟಡಕ್ಕೆ ನೀರಿಲ್ಲದಾಯಿತು. ಸಿದ್ದರಾಮಪ್ಪ ಬಾಯಿ ಬಿಡಲಿಲ್ಲ. ಕೊಡ ಹೊತ್ತ.

"ಆ ಚೀಜು ಈ ಪಿಚ್ಚರ್‌ನಾಗ ಬಂತಂದ್ರ ಉಳೀತೈತಿ," ಅಂದ ಈಗ ಹೆಂಡತಿಗೆ, ಸಿಟ್ಟು ಇಳಿದ ಮೇಲೆ. "ನಾ ಹೋದ್ನೆಂದ್ರ ಅದೂ ಹೋತು. ಅಷ್ಟ ನೋಡು."

"ಉಳೀಲಿ. ಆದ್ರ ಡಮ್ಮಿ ಇದ್ದೆ ಅಂತ ಹೇಳಿ ಊದ್ರಿ."

"ಡಮ್ಮಿ ಅಂದ್ರ ಊದಾಕ ಯಾರು ಬಿಡ್ತಾರಲೇ?"

ಶಿವದೇವಿ ಎದ್ದು ಟ್ರಂಕು ತೆಗೆದಳು. ಆಕೆ ಕೋಟು ತಂದಳು. ಟ್ರಂಕಿನಲ್ಲಿ ಮಲಗಿ ಮಲಗಿ ಅದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸಿದ್ದರಾಮಪ್ಪ ಉಸಿರು ಬಿಗಿಹಿಡಿದು ತೋಳು ತೂರಿಸಿದ. ಬೆನ್ನಿನ ಹೊಲಿಗೆ ಪರ್ ಅಂದಿತು.

"ಮುಂದಿಂದ ಅಷ್ಟ ತೋರಸ್ರಿ," ಅಂದಳು ಶಿವದೇವಿ, ಪಿನ್ನು ಚುಚ್ಚುತ್ತ.

ಅಷ್ಟರಲ್ಲಿ ಶಾರದಾಬಾಯಿ ಕೇಳದೆಯೇ ಒಳಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಹಿಂದೆ ಗಲ್ಲಿಯ ಅರ್ಧ ಹೆಂಗಸರು. "ವೈನಿ, ಗ್ವಾಡಿ ಎಷ್ಟ್ ಬೋಳ ಕಾಣತೈತಿ! ಪಿಚ್ಚರ್‌ದಾಗ ನಮ್ಮ ಮನಿ ಛಂದ ಬರಬೇಕ್ರಿ. ಬಾಡಿಗಿ ಮನಿ ಅಂತ ಗೊತ್ತಾಗಬಾರದು."

"ಬಾಡಿಗಿ ಮನೀನ ಐತಲ್ರಿ ಬಾಯಾರ," ಅಂದ ಸಿದ್ದರಾಮಪ್ಪ.

"ಹಂಗಂತ ಜಗತ್ತಿಗೆಲ್ಲ ಹೇಳ್ಕೋತ ಹೋಗ್ತೀರೇನು?"

ಬಾಯಾರ ಹಿಂದೆಯೇ ವೀರಭದ್ರಪ್ಪ ಬಂದರು. ಕನ್ನಡ ಸಂಘದ ಕಾರ್ಯದರ್ಶಿ. ಊರಲ್ಲಿ ಯಾರು ಕೆಮ್ಮಿದರೂ ಶಾಲು ಹೊದಿಸುವ ಮನುಷ್ಯ. ಬ್ಯಾನರನ್ನೂ ಮಾಡಿಸಿದ್ದರು. ಬ್ಯಾನರಿನ ಅಂಗಡಿಯಲ್ಲಿ ಸ್ಯಾಕ್ಸೋಫೋನಿನ ಚಿತ್ರ ಸಿಗದೆ ಶಹನಾಯಿಯ ಚಿತ್ರ ಹಾಕಿಸಿ, ಚಿತ್ರಕ್ಕೆ ಒಪ್ಪುವಂತೆ ಕೆಳಗೆ 'ಶಹನಾಯಿ ಸಾಮ್ರಾಟ' ಅಂತ ಬರೆಸಿದ್ದರು.

"ನಾ ಶಹನಾಯಿ ಊದಂಗಿಲ್ರೀ!"

"ನಮ್ಮ ಮಂದಿಗೆ ಸ್ಯಾಕ್ಸೋಫೋನು ಅಂದ್ರ ತಿಳಿಯಂಗಿಲ್ರಿ. ಊದೂದು ಊದೂದ ಅಲ್ರೀ? ನೀವು ಸುಮ್ಕ ಕೂಡ್ರಿ, ನಾ ಎರಡು ಮಾತಾಡ್ತೀನಿ."

ಮಾನಸಾ, ಕ್ಯಾಮೆರಾದ ಶ್ರೀಹರ್ಷ ಬಂದಾಗ ಮನೆ ಬೀಗರ ಪಂಕ್ತಿಯಂತೆ ತುಂಬಿತ್ತು. ಶ್ರೀಹರ್ಷ ಗಡ್ಡದವ, ಮಾತು ಕಡಿಮೆ. ಬಂದವನೇ ಫ್ಯಾನು ನಿಲ್ಲಿಸಿದ, ಫ್ರಿಜ್ಜಿನ ವಾಯರು ಕಿತ್ತ, ಕಿಟಕಿ ಮುಚ್ಚಿದ, ಒಲೆಯಂಥ ದೀಪವೊಂದನ್ನು ಹಚ್ಚಿದ. ಮಾನಸಾ ಒಂದು ತರಕಾರಿ ಬುಟ್ಟಿ ಹಿಡಿದು ಎಲ್ಲರ ಮೊಬೈಲುಗಳನ್ನೂ ಆರಿಸಿ ಹಾಕಿಸಿಕೊಂಡಳು. ಶಾರದಾಬಾಯಿ ಮಾತ್ರ, ಕಿವಿಯ ಬೆಂಡೋಲೆ ಬಿಚ್ಚಿಕೊಟ್ಟಷ್ಟು ಸಂಕಟದಿಂದ ಕೊಟ್ಟರು.

"ಅಂಕಲ್, ಒಂದು ಗುಡ್ ನ್ಯೂಸ್," ಅಂದಳು ಮಾನಸಾ. "ಸಾಬಣ್ಣ ಅಂಕಲ್ ಬರ್ತಾ ಇದಾರೆ. ಟ್ರಂಪೆಟ್ ಸಾಬಣ್ಣ! ಲಿಂಗಂಪಲ್ಲಿಯಿಂದ ಲೋಕಲ್ ಟ್ರೈನ್ ಹತ್ತಿದಾರಂತೆ."

ಸಿದ್ದರಾಮಪ್ಪನ ಮುಖ ಹಸಿ ಗೋಡೆಯಂತಾಯಿತು. ಸಾಬಣ್ಣ ಸಿಲ್ವರ್ ಸ್ಟಾರಿನ ಖರೇ ಟ್ರಂಪೆಟ್ಟಿನವ. ಅವನಿಗೆ ಡಮ್ಮಿ ಯಾರು, ಊದುವವ ಯಾರು ಎಲ್ಲ ಗೊತ್ತು. ಬಾಯಿಯೋ, ಸಂತೆಯ ಚೀಲದಂತೆ, ಎತ್ತಿದರೆ ಎಲ್ಲ ಹೊರಗೆ.

"ನಾ ಹೋಗಿ ಕರಕೊಂಡು ಬರ್ತೀನಿ. ಅವನಿಗೆ ಗಲ್ಲಿ ಗೊತ್ತಾಗಂಗಿಲ್ಲ," ಅಂದವನೇ ಕೋಟಿನ ಮೇಲೆ, ಕೊರಳಲ್ಲಿ ಸ್ಯಾಕ್ಸೋಫೋನು ತೂಗಿಸಿಕೊಂಡು ಓಡಿದ. ಅದನ್ನು ತೆಗೆದಿಡಬೇಕೆಂಬ ಖಬರೂ ಇರಲಿಲ್ಲ.

ಸ್ಟೇಷನ್ನಿನ ಮುಂದೆ ಮದುವೆಯವರ ಒಂದು ಗುಂಪು ನಿಂತಿತ್ತು. ಹುಡುಗನ ಕಡೆಯವನೊಬ್ಬ ಈತನ ತೋಳು ಹಿಡಿದೇ ಬಿಟ್ಟ. "ಕ್ಯಾ ಚಾಚಾ, ಬ್ಯಾಂಡ್ ಕಿಧರ್ ಹೈ? ಬಾಕಿ ಲೋಗಾಂ ಕಹಾಂ? ಕಬ್ ಸೆ ಖಡೇ ಹೈಂ ಹಮ್!" ಬ್ಯಾಂಡಿನ ಉಳಿದವರೆಲ್ಲಿ ಅಂತ ಗದರಿದ.

"ನಾ ಮದವಿ ಬ್ಯಾಂಡಿನವ ಅಲ್ಲೋ! ನಾ ಜಾಝ್ ಆರ್ಟಿಸ್ಟು!"

ಆತನಿಗೆ ಕನ್ನಡ ತಿಳಿಯಲಿಲ್ಲ. ಕನ್ನಡ ತಿಳಿದ ಇನ್ನೊಬ್ಬ ಮುಂದೆ ಬಂದು, "ಇರ್ಲಿ ಬಿಡ್ರಿ ಕಾಕಾ, ಕೋಟು ಹರದಿದ್ರೂ ನಡೀತೈತಿ, ಬರ್ರಿ," ಅಂದ. ಇಬ್ಬರೂ ಸೇರಿ ಕುದುರೆಯ ಮುಂದೆ ಎಳೆದು ನಿಲ್ಲಿಸಿದರು. ಸಿದ್ದರಾಮಪ್ಪ ಕೊಸರಿದ. ಕುದುರೆ ಆತನ ಬೆನ್ನಿನ ಹರಕನ್ನು ಮೂಸಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಂದು ಕೂಗು.

"ಲೇ ಸಿದ್ರಾಮ! ಈ ವಯಸ್ನ್ಯಾಗ ಮತ್ತ ಬರಾತಿಗೆ ಬಂದಿಯೇನಲೇ?"

ಸಾಬಣ್ಣ! ಬಾಯಲ್ಲಿ ಒಂದೂ ಹಲ್ಲಿಲ್ಲ, ಕೈಯಲ್ಲಿ ಕೋಲು, ನಗೆ ಮಾತ್ರ ಅದೇ. ಮದುವೆಯವರ ಖರೇ ಬ್ಯಾಂಡೂ ಆಗಲೇ ಬಂದದ್ದರಿಂದ ಸಿದ್ದರಾಮಪ್ಪ ಬಿಡಿಸಿಕೊಂಡ. ಇಬ್ಬರೂ ಅಪ್ಪಿಕೊಂಡರು. ನಡುವೆ ಸ್ಯಾಕ್ಸೋಫೋನು ಸಿಕ್ಕಿ ಸಾಬಣ್ಣನ ಪಕ್ಕೆಗೆ ಒತ್ತಿತು.

"ಸಾಬಣ್ಣ, ನಿನ್ನ ಕಾಲಿಗೆ ಬೀಳ್ತೀನಿ. ನಾ ಡಮ್ಮಿ ಇದ್ದೆ ಅಂತ ಅಲ್ಲಿ ಹೇಳಬ್ಯಾಡಪ್ಪಾ."

ಸಾಬಣ್ಣ ಕೋಲಿನಿಂದ ನೆಲ ಕೆದರಿದ. "ಇವತ್ತ ನಾ ಏನೂ ಹೇಳಂಗಿಲ್ಲೋ."

"ಆಣಿ?"

"ಇವತ್ತ ತುಟಿ ಪಿಟಕ್ ಅನ್ನಂಗಿಲ್ಲ. ನಡಿ. ಆದ್ರ ನೀ ಊದೂದು ಹೆಂಗಲೇ?"

"ಕಲ್ತೀನಿ. ಮಾಸ್ತರರ ಕಡೇ ಚೀಜು."

ಸಾಬಣ್ಣ ನಡೆಯುತ್ತಿದ್ದವನು ನಿಂತ. "ಅದು ನಿನಗ ನೆನಪೈತಿ?"

"ಪೂರಾ."

"ನನಗ ಅರ್ಧಕ್ಕ ಹರೀತೈತಿ," ಅಂದ ಸಾಬಣ್ಣ. "ನಡುವಿಂದು ಬರಂಗೇ ಇಲ್ಲ. ಎಷ್ಟೋ ಸಲ ಮಲಗಿ ಹುಡುಕೀನಿ." ಆಮೇಲೆ ಮನೆ ಮುಟ್ಟುವವರೆಗೂ ಆ ಅರ್ಧವನ್ನೇ ಗುನುಗುತ್ತ ನಡೆದ.

ಮನೆಯಲ್ಲಿ ವೀರಭದ್ರಪ್ಪನವರ ಎರಡು ಮಾತು ಇನ್ನೂ ಮುಗಿದಿರಲಿಲ್ಲ. ಶ್ರೀಹರ್ಷ ಕ್ಯಾಮೆರಾ ಆರಿಸಿಟ್ಟು ಕೇಳುತ್ತಿದ್ದ. ಅದು ಅವರಿಗೆ ತಿಳಿದಿರಲಿಲ್ಲ. ಆ ನಡುವೆ ದೀಪದ ಭಾರಕ್ಕೆ ಫ್ಯೂಜು ಹೋಗಿ, ಶಾರದಾಬಾಯಿ ಕೆಳಗಿನ ತಮ್ಮ ಮನೆಯಿಂದ ವಾಯರು ಎಳೆಸಿದ್ದರು. ಆ ಹಕ್ಕಿನ ಮೇಲೆ ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ತಾವೇ ಕುಳಿತಿದ್ದರು. ಅವರನ್ನು ಎಬ್ಬಿಸಲು ಶಿವದೇವಿ, ಒಲೆಯ ಮೇಲೆ ನಿಮ್ಮ ಮನೆಯ ಹಾಲು ಉಕ್ಕುತ್ತಿದೆ ಅಂತ ಸುಳ್ಳು ಹೇಳಬೇಕಾಯಿತು. ಬಾಯಾರು ಓಡಿದರು. ಖರೇನೇ ಉಕ್ಕಿತ್ತು.

ಮೊದಲು ಸಾಬಣ್ಣನ ಮಾತು. ಅಂಗಿಗೆ ಮೈಕು ಸಿಗಿಸಿದರು. ಸಾಬಣ್ಣ ಮಾಸ್ತರರ ಬಗ್ಗೆ, ಮರ್ಫಾ ಬಗ್ಗೆ ಎಲ್ಲ ಹೇಳಿದ. ಡಮ್ಮಿ ಅನ್ನುವ ಮಾತೇ ಎತ್ತಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಸಿದ್ದರಾಮಪ್ಪನ ಎದೆ ಹಗುರಾಯಿತು.

"ಈಗ ನೀವು ಅಂಕಲ್," ಅಂದಳು ಮಾನಸಾ.

ಸಿದ್ದರಾಮಪ್ಪ ಕುಳಿತ. ಶ್ರೀಹರ್ಷ ಹತ್ತಿರ ಬಂದು ಕೋಟಿನ ಕಾಲರು ಸರಿಮಾಡಿದ, ಗಲ್ಲದ ಬೆವರು ಒರೆಸಿದ. ಮಾನಸಾ ಕೈ ಎತ್ತಿದಳು, ಇಳಿಸಿದಳು.

ಮೊದಲ ಸ್ವರ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಹೊರಬಂತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮಾನಸಾ ಏನೋ ಹೇಳಲು ಬಾಯಿ ತೆರೆದಳು. ಆತ ಕಣ್ಣು ಮುಚ್ಚಿಕೊಂಡು, ಉಸಿರು ಎಳೆದು, ಎರಡನೆಯ ಸಲ ಊದಿದ.

ಈ ಸಲ ಸ್ವರ ನಿಂತಿತು. ನಿಂತು, ಮೆಲ್ಲಗೆ ಸರಿಯಿತು. ಆತನಿಗೆ ತಾನು ಊದುತ್ತಿದ್ದೇನೆ ಅನ್ನಿಸಲಿಲ್ಲ. ಎಂದಿನಂತೆ ಬೆನ್ನ ಹಿಂದಿನಿಂದಲೇ ಬಂದಂತೆ, ಫ್ರಾನ್ಸಿಸ್ ಅಲ್ಲೇ ಪರದೆಯ ಅಂಚಿನಲ್ಲಿ ಬಾಗಿ ನಿಂತಂತೆ ಅನ್ನಿಸಿತು. ಚೀಜಿನ ನಡುವಿನ ಭಾಗ ಬಂತು. ಅಲ್ಲಿ ಸ್ವರ ಮೇಲೇರಿ, ಬೀಳುತ್ತದೆ ಅಂದುಕೊಂಡ ಜಾಗದಲ್ಲಿ ಬೀಳದೆ ತಡೆದು ನಿಲ್ಲುತ್ತದೆ. ಎರಡು ಕಡೆ ಬೆರಳು ತಪ್ಪಿತು, ಒಂದು ಕಡೆ ಉಸಿರು ಸಾಲಲಿಲ್ಲ. ಆದರೂ ಅದು ಅದೇ ಚೀಜು. ಸಾಬಣ್ಣ ತೊಡೆಯ ಮೇಲೆ ಬೆರಳಿನಿಂದ ಮರ್ಫಾದ ಪೆಟ್ಟು ಹಾಕತೊಡಗಿದ. ಶಿವದೇವಿ ಕೈಯಲ್ಲಿ ಪಿನ್ನಿನ ಡಬ್ಬಿ ಹಿಡಿದು ಹಾಗೇ ನಿಂತಳು. ಈ ಮನುಷ್ಯನನ್ನು ಇಷ್ಟು ವರ್ಷ ಉಪ್ಪು ಸೊಪ್ಪಿಗೆ ಬೈದಿದ್ದೇನಲ್ಲ ಅನ್ನುವ ಹಾಗೆ ನೋಡಿದಳು. ವೀರಭದ್ರಪ್ಪ ಕೂಡ ಸುಮ್ಮನಿದ್ದರು ಅಂದರೆ ಇನ್ನೇನು ಹೇಳುವುದು?

ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಅದ... ಅದ ನಡುವಿಂದು," ಅಂದ ಸಾಬಣ್ಣ, ಕಣ್ಣೊರೆಸಿಕೊಳ್ಳುತ್ತ. "ಸಿಕ್ತಲೇ ಸಿದ್ರಾಮ."

"ಸೂಪರ್ ಅಂಕಲ್!" ಅಂದಳು ಮಾನಸಾ. "ಗಲ್ಲ ಎಲ್ಲ ಸಖತ್ ಬಂದಿದೆ. ಇನ್ನೊಂದು ಟೇಕ್ ತಗೊಳೋಣ. ಈ ಸಲ ಊದಬೇಡಿ, ಬೆರಳು ಸ್ವಲ್ಪ ಫಾಸ್ಟಾಗಿ ಆಡಿಸಿ ಸಾಕು."

ಸಿದ್ದರಾಮಪ್ಪನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಊದಬಾರದಾ?"

"ಬೇಡ ಅಂಕಲ್. ಮ್ಯೂಸಿಕ್ ಎಲ್ಲ ಸ್ಟುಡಿಯೋದಲ್ಲಿ ಆಗಿಹೋಗಿದೆ. ಕೊಂಡಾಪುರದಲ್ಲಿ ಒಬ್ಬರು ತುಂಬ ಚೆನ್ನಾಗಿ ನುಡಿಸಿಕೊಟ್ಟಿದಾರೆ. ಫಾಸ್ಟ್ ಟ್ಯೂನ್ ಅದು. ನಿಮ್ಮ ಬೆರಳು ಅದಕ್ಕೆ ಹೊಂದಬೇಕಲ್ಲ?"

"ಮತ್ತ ಈಗ ನಾ ಊದಿದ್ದು?"

ಮಾನಸಾ ಶ್ರೀಹರ್ಷನ ಕಡೆ ನೋಡಿದಳು. ಶ್ರೀಹರ್ಷ ಮೊದಲ ಸಲ ಬಾಯಿ ಬಿಟ್ಟ. "ಸೌಂಡ್ ಆಫ್ ಮಾಡಿದ್ದೆ ಸರ್. ಬರೀ ವಿಶುವಲ್."

ಮೊಬೈಲುಗಳೆಲ್ಲ ಬಾಯಿ ಮುಚ್ಚಿಕೊಂಡು ತರಕಾರಿ ಬುಟ್ಟಿಯಲ್ಲಿ ಬಿದ್ದಿದ್ದವು.

"ನೀವು ಬೇಜಾರಾಗಬೇಡಿ ಅಂಕಲ್," ಅಂದಳು ಮಾನಸಾ ಮೆತ್ತಗೆ. ಆಕೆ ಕೆಟ್ಟವಳಲ್ಲ. ಅದೇ ತೊಂದರೆ. "ನಮಗೆ ಮೊದಲೇ ಗೊತ್ತಿತ್ತು. ಸಾಬಣ್ಣ ಅಂಕಲ್ ಮೊದಲನೇ ದಿನವೇ ಹೇಳಿದ್ರು, ನೀವು ಡಮ್ಮಿ ಇದ್ರಿ ಅಂತ. ಫ್ರಾನ್ಸಿಸ್ ಅವರದ್ದು ಒಂದು ಫೋಟೋ ಕೂಡ ಸರಿಯಾಗಿಲ್ಲ, ಎಲ್ಲಾದರಲ್ಲೂ ಕತ್ತಲಲ್ಲಿದಾರೆ. ನೋಡೋಕೆ ನೀವೇ ಚೆನ್ನಾಗಿರೋದು. ಬೇರೆ ಯಾರನ್ನಾದ್ರೂ ಕೂರಿಸಿದ್ರೆ ವಾದ್ಯ ಹಿಡಿಯೋಕೇ ಬರಲ್ಲ. ನಿಮಗೆ ಅನುಭವ ಇದೆಯಲ್ಲ. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಸಾಬಣ್ಣ ತಲೆ ತಗ್ಗಿಸಿದ. "ನೀ ಇನ್ನೂ ಇದ್ದೀಯೋ ಇಲ್ಲೋ ಗೊತ್ತಿರಲಿಲ್ಲೋ. ಬಾಯಿ ಜಾರಿತು." ಆಮೇಲೆ ಮಾನಸಾಳ ಕಡೆ ತಿರುಗಿ ಕೋಲು ಎತ್ತಿದ. "ಯವ್ವಾ, ಅದು ಮಾಸ್ತರರ ಚೀಜು. ಎಲ್ಲೂ ಇಲ್ಲ ಅದು. ಸೌಂಡ್ ಹಾಕಿ ಇನ್ನೊಮ್ಮೆ ತೊಗೊಳ್ಳವ್ವಾ!"

"ಅಯ್ಯೋ ಅಂಕಲ್, ಫಿಲ್ಮಿನಲ್ಲಿ ಜಾಗ ಇಲ್ಲ. ಎಲ್ಲ ಲಾಕ್ ಆಗಿದೆ. ಆಮೇಲೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಹಾಕಿ, ನೋಡೋಣ."

"ಇದು ಚರಿತ್ರೆ ಉಳಸೂ ಪಿಚ್ಚರ್ರಾ?" ಸಿದ್ದರಾಮಪ್ಪ ಎದ್ದ. ಎದ್ದ ರಭಸಕ್ಕೆ ಕೋಟಿನ ಪಿನ್ನುಗಳು ಟಪಟಪ ಉದುರಿದವು. "ಮಾಸ್ತರರು ಊದಬ್ಯಾಡ ಅಂದ್ರು, ಸುಮ್ಕ ನಿಂತೆ. ಅವರು ಕಟ್ಟಿದ ಬ್ಯಾಂಡು, ಅವರ ಮಾತು. ನೀ ಯಾರವ್ವಾ? ಇದ್ದವರು ಸತ್ರು, ಇದ್ದ ಚೀಜು ಬ್ಯಾಡ, ಡಮ್ಮಿ ಒಬ್ಬ ಬೇಕು!"

"ಅಂಕಲ್, ಪ್ಲೀಸ್. ಚಹಾ ಕುಡೀರಿ, ಆಮೇಲೆ..."

"ಕುಡಿ ನೀ!"

ಸ್ಯಾಕ್ಸೋಫೋನನ್ನು ಕೊರಳಿನಿಂದ ತೆಗೆದು ಕುರ್ಚಿಯ ಮೇಲಿಟ್ಟ. ಕುಕ್ಕಲಿಲ್ಲ, ಮಲಗಿದ ಮಗುವನ್ನು ಇಡುವ ಹಾಗೆ ಇಟ್ಟ. ಕೋಟು ಬಿಚ್ಚಿ ಅದರ ಮೇಲೆ ಹಾಕಿದ. ಬನಿಯನ್ನಿನ ಮೇಲೆ ಟವೆಲ್ ಹೊದ್ದು, ಚಪ್ಪಲಿ ಮೆಟ್ಟಿ, ಗಲ್ಲಿಯ ಹೆಂಗಸರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದ.

"ಬರ್ತಾರ ಬಿಡ್ರಿ," ಅಂದರು ಶಾರದಾಬಾಯಿ. "ಗಂಡಸರ ಸಿಟ್ಟು. ಗಲ್ಲಿ ತುದಿ ಮುಟ್ಟೂದ್ರೊಳಗ ಇಳೀತೈತಿ."

ಕಾದರು. ಚಹಾದ ಮೇಲೆ ಕೆನೆ ಕಟ್ಟಿತು. ಸಾಬಣ್ಣ ಗಲ್ಲಿಯ ತುದಿಯವರೆಗೆ ಹೋಗಿ ಒಬ್ಬನೇ ಮರಳಿದ. ಕಿಟಕಿಯಲ್ಲಿ ಬೆಳಕು ಕೆಂಪಾಯಿತು. "ಲೈಟ್ ಹೋಗ್ತಿದೆ," ಅಂದ ಶ್ರೀಹರ್ಷ.

ಮಾನಸಾ ಸುತ್ತ ನೋಡಿದಳು. ಆಕೆಯ ಕಣ್ಣು ವೀರಭದ್ರಪ್ಪನವರ ಅಗಲ ಎದೆಯ ಮೇಲೆ ನಿಂತಿತು. "ಸರ್, ಹಿಂದಿನಿಂದ ತಗೋತೀವಿ. ಮುಖ ಕಾಣಲ್ಲ. ಕೋಟು ಹಾಕ್ಕೋತೀರಾ?"

"ನನಗ ಊದಾಕ ಬರಂಗಿಲ್ಲವ್ವಾ," ಅಂದರು ವೀರಭದ್ರಪ್ಪ, ಆಗಲೇ ತೋಳು ತೂರಿಸುತ್ತ.

"ಅದೇ ಸರ್ ಬೇಕಾಗಿರೋದು."

ಬೆನ್ನಿನ ಹರಕಿಗೆ ಶಾಲು ಮುಚ್ಚಿದರು. ವೀರಭದ್ರಪ್ಪ ಸ್ಯಾಕ್ಸೋಫೋನನ್ನು ಬಗಲಲ್ಲಿ ನೀರಿನ ಕೊಡದ ಹಾಗೆ ಇಟ್ಟುಕೊಂಡು ನಿಂತರು. ಶ್ರೀಹರ್ಷ ತಿರುಗಿಸಿ ಹಿಡಿಸಿದ. ಬೆರಳು ಆಡಿಸಿದರು. ಚಿತ್ರೀಕರಣ ಮುಗಿಯಿತು. ಹೆಂಗಸರು ಬುಟ್ಟಿಗೆ ಮುತ್ತಿ ಮೊಬೈಲು ಎತ್ತಿಕೊಂಡರು.

"ಹೆಂಗ ನಿಂತಿದ್ದೆ ತಂಗಿ?" ವೀರಭದ್ರಪ್ಪ ಶಿವದೇವಿಯನ್ನು ಕೇಳಿದರು. "ಥೇಟ್ ಸಿದ್ದರಾಮಪ್ಪನವರಂಗ, ಹೌದಿಲ್ಲೋ?"

ಶಿವದೇವಿ ಬಾಗಿಲಲ್ಲಿದ್ದವಳು ತಿರುಗಲೂ ಇಲ್ಲ.

"ಇಲ್ರಿ," ಅಂದಳು. "ನಮ್ಮನಿಯವರು ನಿಂತ್ರ ಊದಿದಂಗ ಕೇಳಸ್ತಿತ್ತು."

ಕೆಳಗೆ ಗಲ್ಲಿಯಲ್ಲಿ ಒಬ್ಬೊಬ್ಬರಾಗಿ ಜನ ಸ್ಟೇಷನ್ನಿನ ಕಡೆಯಿಂದ ಮನೆಗೆ ಮರಳುತ್ತಿದ್ದರು. ಟವೆಲ್ ಹೊದ್ದವರು ಯಾರೂ ಅವರಲ್ಲಿ ಇರಲಿಲ್ಲ.